ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ರಿಪಬ್ಲಿಕನ್ನರ (ಬ್ರಿಟನ್ನಿನಿಂದ ಬಿಟ್ಟು ಐರ್ಲೆಂಡಿನೊಂದಿಗೆ ಒಂದಾಗಬೇಕೆನ್ನುವವರ) ಬಡಾವಣೆಗಳ ಗೋಡೆಚಿತ್ರಗಳನ್ನು ಹೇಗೆ ಬಿಡಿಸುತ್ತಾರೆ? ಅಷ್ಟು ಮಳೆಯಲ್ಲಿ ಅವು ಹೇಗೆ ಉಳಿಯುತ್ತವೆ?

ಉಳಿಯುವುದಿಲ್ಲ, ಮತ್ತೆ ಮತ್ತೆ ಬಳಿಯುತ್ತಾರೆ. ಸಾಲುಮನೆಗಳ ಕೊನೆಯಲ್ಲಿ ಕಿಟಕಿಯಿಲ್ಲದ ಪಕ್ಕದ ಗೋಡೆಯೇ ಸಾಮಾನ್ಯವಾಗಿ ಇವರ ಹಲಗೆ. ಮೊದಲು ಪಾಚಿ, ಎದ್ದ ಬಣ್ಣ ಎಲ್ಲವನ್ನೂ ತಂತಿ ಬ್ರಷ್‌ನಿಂದ ಕೆರೆದು, ಗೋಡೆ ಚೆನ್ನಾಗಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಬಿಳಿ ಬಣ್ಣ. ಅವಸರ ಮಾಡಿದರೆ ಒಳಗೆ ಸಿಕ್ಕಿಬಿದ್ದ ತೇವ ಬಣ್ಣವನ್ನು ಗುಳ್ಳೆಯೆಬ್ಬಿಸಿ ಸಿಪ್ಪೆಯಂತೆ ಕಳಚುತ್ತದೆ; ಚಿತ್ರ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ.

ಚಿಕ್ಕ ಕರಡಿನ ಮೇಲೆ ಚೌಕಗಳನ್ನೆಳೆದು, ಅಷ್ಟೇ ಚೌಕಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹಾಕುತ್ತಾರೆ. ಕರಡಿನ 1 ಸೆಂ.ಮೀ. ಗೋಡೆಯಲ್ಲಿ 30 ಸೆಂ.ಮೀ. ಎಂದಿಟ್ಟುಕೊಳ್ಳಿ. ಹಿನ್ನೆಲೆ ಮೊದಲು, ಮುಖ ಕೊನೆಗೆ. ಅಟ್ಟಣಿಗೆಯ ಮೇಲೆ ನಿಂತವರಿಗೆ ಅಳತೆ ತಪ್ಪಿದ್ದು ಕಾಣುವುದಿಲ್ಲ, ಆಗಾಗ ಕೆಳಗಿಳಿದು ರಸ್ತೆಯಾಚೆಯಿಂದ ನೋಡಲೇಬೇಕು. ಬಳಸುವುದು ಹೊರಗೋಡೆಗೆ ಬಳಿಯುವ ಸಾಮಾನ್ಯ ಬಣ್ಣವನ್ನೇ.

ಈ ಪರಂಪರೆ ರಿಪಬ್ಲಿಕನ್ನರಲ್ಲಿ ಬೇರೂರಿದ್ದು 1981ರಲ್ಲಿ ಅವರ ಕೈದಿಗಳು ಜೈಲಿನಲ್ಲಿ ಮಾಡಿದ ಉಪವಾಸ ಮುಷ್ಕರದಿಂದ. ಅದರಲ್ಲಿ 10 ಮಂದಿ ಸತ್ತರು. 66ನೆಯ ದಿನ ಪ್ರಾಣಬಿಟ್ಟ ಬಾಬಿ ಸ್ಯಾಂಡ್ಸ್‌ನ ನಗುಮುಖ ಬೆಲ್‌ಫಾಸ್ಟ್‌ನ ಫಾಲ್ಸ್ ರಸ್ತೆಯಲ್ಲಿ ಇಂದಿಗೂ ಇದೆ. (ಬ್ರಿಟನ್ನಿನಲ್ಲೇ ಉಳಿಯಬೇಕೆನ್ನುವ ಎದುರಾಳಿ ಲಾಯಲಿಸ್ಟರು 20ನೆಯ ಶತಮಾನದ ಆರಂಭದಿಂದಲೇ ಬಿಡಿಸುತ್ತಿದ್ದರು.) ಉತ್ತರ ಐರ್ಲೆಂಡಿನದೇ ಇನ್ನೊಂದು ನಗರ ಡೆರ್ರಿಯ ಚಿತ್ರವೊಂದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಣತನದ್ದು: 1971ರಲ್ಲಿ ಗುಂಡಿಗೆ ಬಲಿಯಾದ 14ರ ಹುಡುಗಿಯ ಪಕ್ಕದ ಚಿಟ್ಟೆಗೆ ಕಲಾವಿದರು ಬಣ್ಣವನ್ನೇ ತುಂಬಿರಲಿಲ್ಲ. ಶಾಂತಿ ನೆಲೆಸಿತೆಂಬ ನಂಬಿಕೆ ಬಂದಮೇಲೆ, 2006ರಲ್ಲಿ, ತುಂಬಿದರು.