ರಾತ್ರಿಯೆಲ್ಲ ಮಗುವಿನ ಉಸಿರು ಎಣಿಸುವ ತಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಗುವಿಗೆ ಏಳು ತಿಂಗಳು. ಹುಟ್ಟಿದ್ದು 29ನೇ ವಾರಕ್ಕೆ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರದ ಮೇಲಿದ್ದು, ತೂಕ ಹೆಚ್ಚಿಸಿಕೊಂಡು ಮನೆಗೆ ಬಂದಿದೆ. ಸದ್ಯ ಆತಂಕಪಡುವಂಥದ್ದೇನೂ ಇಲ್ಲ ಎಂದಿದ್ದಾರೆ ಮಕ್ಕಳ ತಜ್ಞರು. ನಿದ್ದೆಗೆಟ್ಟಿರುವುದು ತಾಯಿ. ಆಪ್ತಸಲಹೆಗೆಂದು ಅವರನ್ನು ನನ್ನ ಬಳಿ ಕಳಿಸಿದ್ದೂ ಆ ತಜ್ಞರೇ.

ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಮುಂದಿಟ್ಟರು. ಪ್ರತಿ ಪುಟಕ್ಕೂ ಗೆರೆ ಎಳೆದು ಮೂರು ಕಾಲಂ: ಗಂಟೆ, ನಿಮಿಷಕ್ಕೆ ಎಷ್ಟು ಉಸಿರು, ಆಕ್ಸಿಮೀಟರ್ ತೋರಿಸಿದ್ದೆಷ್ಟು. ರಾತ್ರಿ 2.10ಕ್ಕೆ 34, 2.30ಕ್ಕೆ 36, 2.50ಕ್ಕೆ 33. ಕೆಲವು ಅಂಕಿಗಳ ಸುತ್ತ ಕೆಂಪು ಶಾಯಿ. ಇದೇನು ಎಂದು ಕೇಳಿದೆ.

“ಅಲ್ಲೆಲ್ಲ ಉಸಿರು ನಿಂತ ಹಾಗಿತ್ತು ಮೇಡಂ.”

“ಎಷ್ಟು ಹೊತ್ತು?”

“ಐದು ಸೆಕೆಂಡ್ ಇರಬಹುದು.”

ಪಕ್ಕದಲ್ಲಿದ್ದ ಗಂಡ, “ಡಾಕ್ಟರೇ ಹೇಳಿದ ಮೇಲೆ ಮುಗೀತಲ್ಲ, ಇವಳು ಕೇಳೋದೇ ಇಲ್ಲ” ಎಂದರು. ಆಕೆ ಅವರ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿದ್ದದ್ದು ಹೊರಬಂತು. ಗರ್ಭಿಣಿಯಾಗಿದ್ದಾಗ, ಐದನೇ ತಿಂಗಳಲ್ಲಿ ಮನೆ ಬದಲಿಸುವಾಗ ಪೆಟ್ಟಿಗೆಗಳನ್ನು ಎತ್ತಿದ್ದರಂತೆ. ಅದರಿಂದಲೇ ಮಗುವಿನ ಶ್ವಾಸಕೋಶ ಅರ್ಧಕ್ಕೆ ನಿಂತಿತು ಎಂಬುದು ಅವರ ನಂಬಿಕೆ.

“ನಿಮ್ಮ ತಪ್ಪೇನಿಲ್ಲ” ಎಂಬ ಮಾತನ್ನು ಅವರು ಬೇಕಾದಷ್ಟು ಕೇಳಿದ್ದರು. ಇಂಥ ಸಂದರ್ಭದಲ್ಲಿ ಆ ಮಾತಿಗೆ ಹೆಚ್ಚು ಬಲವಿಲ್ಲ ಎಂದೇ ನನ್ನ ಅಭಿಪ್ರಾಯ. ತಪ್ಪಿತಸ್ಥ ಭಾವನೆಗೆ ತನ್ನದೇ ಒಂದು ಕತೆ ಇರುತ್ತದೆ. ಆ ಕತೆ ನಿಜವೋ ಅಲ್ಲವೋ ಎಂದು ಜೊತೆಗೆ ಕೂತು ನೋಡಬೇಕು. ಹಾಳೆ ತೆಗೆದುಕೊಂಡು ವಾರಗಳನ್ನು ಬರೆಯುತ್ತ ಹೋದೆ.

ಗರ್ಭದ ನಾಲ್ಕನೇ ವಾರದಲ್ಲಿ ಅನ್ನನಾಳವಾಗಲಿರುವ ಕೊಳವೆಯಿಂದಲೇ ಶ್ವಾಸಕೋಶದ ಮೊಗ್ಗು ಮೂಡುತ್ತದೆ. ಅದು ಕವಲೊಡೆಯುತ್ತ ಹೋಗಿ, 17ನೇ ವಾರದ ಹೊತ್ತಿಗೆ ಗಾಳಿ ಸಾಗುವ ನಾಳಗಳ ಕವಲುಗಳು ಹೆಚ್ಚುಕಡಿಮೆ ಪೂರ್ತಿಯಾಗಿರುತ್ತವೆ. ಅಂದರೆ ಇವರು ಪೆಟ್ಟಿಗೆ ಎತ್ತಿದ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಮುಂದಿನದು ರಕ್ತನಾಳಗಳು ಹತ್ತಿರ ಬಂದು, ಗೋಡೆಗಳು ತೆಳುವಾಗುವ ಹಂತ. ಸುಮಾರು 24ನೇ ವಾರದಿಂದ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಪದಾರ್ಥ ತಯಾರಾಗತೊಡಗುತ್ತದೆ. ಅದು ಸಾಲದಿದ್ದರೆ, ಒದ್ದೆ ಪ್ಲಾಸ್ಟಿಕ್ ಕವರಿನ ಎರಡು ಬದಿ ಅಂಟಿಕೊಳ್ಳುವಂತೆ, ಉಸಿರು ಬಿಟ್ಟಾಗಲೆಲ್ಲ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ಸಾಕಷ್ಟು ಸಂಗ್ರಹವಾಗುವುದು ಸಾಮಾನ್ಯವಾಗಿ 35ನೇ ವಾರದ ಸುಮಾರಿಗೆ. ಇವರ ಮಗುವಿಗೆ ಆದ ತೊಂದರೆ ಇದು: ಯಾವುದೂ ಕೆಟ್ಟಿರಲಿಲ್ಲ, ಬೇಗ ಬಂದದ್ದಷ್ಟೇ. ಬೇಗ ನೋವು ಬರಲು ಕಾರಣ ಎಷ್ಟೋ ಸಲ ಕೊನೆಗೂ ತಿಳಿಯುವುದಿಲ್ಲ.

“ನೋವು ಶುರುವಾದಾಗ ಏನು ಮಾಡಿದಿರಿ?”

“ತಕ್ಷಣ ಆಸ್ಪತ್ರೆಗೆ ಹೋದೆ. ಎರಡು ಇಂಜೆಕ್ಷನ್ ಕೊಟ್ಟರು, ಒಂದು ಕೊಟ್ಟು 24 ಗಂಟೆಗೆ ಇನ್ನೊಂದು.”

ಅದು ಸ್ಟೀರಾಯ್ಡ್. ಮಗುವಿನ ಶ್ವಾಸಕೋಶ ಬೇಗ ಪಕ್ವವಾಗಲೆಂದು ತಾಯಿಗೆ ಕೊಡುವುದು. 1972ರಲ್ಲಿ ನ್ಯೂಜಿಲೆಂಡಿನ ವೈದ್ಯರಾದ ಲಿಗಿನ್ಸ್ ಮತ್ತು ಹೌವಿ ಇದರ ಪ್ರಯೋಜನವನ್ನು ತೋರಿಸಿಕೊಟ್ಟರು. ಅದಕ್ಕೆ ಪೂರ್ತಿ ಕೆಲಸ ಮಾಡಲು ಸುಮಾರು ಒಂದು ದಿನ ಬೇಕು. ಇವರು ತಡಮಾಡದೆ ಹೋದದ್ದರಿಂದ ಆ ಸಮಯ ಸಿಕ್ಕಿತು. ಇದನ್ನು ಯಾರೂ ಇವರಿಗೆ ಬಿಡಿಸಿ ಹೇಳಿರಲಿಲ್ಲ. ಮೊದಲ ಸಲ ಅತ್ತದ್ದು ಆಗ.

ಇನ್ನೊಂದು ವಿಷಯ ಗಂಡನಿಗೂ ಹೊಸದು. ತಿಂಗಳು ತುಂಬಿ ಹುಟ್ಟಿದ ಮಗುವಿನದೂ ಪೂರ್ತಿ ಬೆಳೆದ ಶ್ವಾಸಕೋಶವಲ್ಲ. ವಯಸ್ಕರಲ್ಲಿರುವ ಮೂವತ್ತು ಕೋಟಿಗೂ ಮಿಕ್ಕಿದ ಗಾಳಿಚೀಲಗಳಲ್ಲಿ ಹೆಚ್ಚಿನವು ಮೂಡುವುದು ಹುಟ್ಟಿದ ಮೇಲೆ, ಅದರಲ್ಲೂ ಮೊದಲ ಎರಡು ಮೂರು ವರ್ಷಗಳಲ್ಲಿ. ಶ್ವಾಸಕೋಶದ ಸಾಮರ್ಥ್ಯವಂತೂ ಇಪ್ಪತ್ತರ ಆಸುಪಾಸಿನವರೆಗೂ ಏರುತ್ತಿರುತ್ತದೆ. ಹಾಗೆಂದು ಸುಳ್ಳು ಧೈರ್ಯ ಹೇಳಲಿಲ್ಲ. ಬೇಗ ಹುಟ್ಟಿದ ಮಕ್ಕಳಿಗೆ ಮೊದಲ ವರ್ಷಗಳಲ್ಲಿ ಉಬ್ಬಸ, ಎದೆಯ ಸೋಂಕು ಹೆಚ್ಚು; ಕೆಲವರಲ್ಲಿ ಮುಂದೆಯೂ ಸಾಮರ್ಥ್ಯ ಸ್ವಲ್ಪ ಕಡಿಮೆಯೇ ಉಳಿಯಬಹುದು.

ಎಣಿಸುವುದನ್ನು ಒಮ್ಮೆಲೇ ಬಿಡಿ ಎನ್ನಲಿಲ್ಲ, ಬಿಡಲಾಗುವುದಿಲ್ಲ. ಮಲಗುವ ಮುನ್ನ ಒಂದು ಸಲ, ಎಚ್ಚರವಾದರೆ ಇನ್ನೊಂದು ಸಲ, ಸಾಕು. ನಿದ್ದೆಯಲ್ಲಿ ನಾಲ್ಕೈದು ಸೆಕೆಂಡ್ ತಡೆದು ಮತ್ತೆ ಉಸಿರಾಡುವುದು ಹಸುಗೂಸುಗಳಲ್ಲಿ ಸಾಮಾನ್ಯ. ಇಪ್ಪತ್ತು ಸೆಕೆಂಡ್ ಉಸಿರು ನಿಂತರೆ, ತುಟಿ ನೀಲಿಯಾದರೆ, ಪಕ್ಕೆ ಒಳಸೇದಿದರೆ, ನರಳುತ್ತ ಉಸಿರಾಡಿದರೆ, ಹಾಲು ಬಿಟ್ಟರೆ, ನಿಮಿಷಕ್ಕೆ 50 ಅಥವಾ ಹೆಚ್ಚು ಸಲ ಉಸಿರಾಡುತ್ತಲೇ ಇದ್ದರೆ ಕಾಯದೆ ಆಸ್ಪತ್ರೆಗೆ. ಇಷ್ಟನ್ನೇ ಬರೆದುಕೊಟ್ಟೆ.

ಗಂಡ ಬಾಲ್ಕನಿಯಲ್ಲಿ ಸಿಗರೇಟು ಸೇದುತ್ತಾರೆ. ಹೊರಗೆ ಸೇದಿದರೂ ಹೊಗೆಯ ಅಂಶ ಬಟ್ಟೆ, ಕೈ, ಕೂದಲಿನಲ್ಲಿ ಅಂಟಿಕೊಂಡು ಒಳಗೆ ಬರುತ್ತದೆ ಎಂದೆ. “ಕಾವಲು ಕಾಯುವವರು ಅವರೊಬ್ಬರೇ ಆಗಬೇಕಿಲ್ಲ, ಇದು ನಿಮ್ಮ ಪಾಲು” ಎಂದಾಗ ಸುಮ್ಮನಾದರು. ತಂಬಾಕು ಬಿಡಿಸುವ ಕ್ಲಿನಿಕ್‌ಗೆ ಹೋಗಲು ಒಪ್ಪಿದ್ದಾರೆ. ಲಸಿಕೆ ತಪ್ಪಿಸಬಾರದು, ಕೆಮ್ಮು ನೆಗಡಿ ಇರುವವರು ಮಗುವನ್ನು ಎತ್ತಿಕೊಳ್ಳಬಾರದು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು.

ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಬಳಸುವ ಎಡಿನ್‌ಬರೋ ಪ್ರಶ್ನಾವಳಿಯನ್ನು ತಾಯಿಗೆ ಕೊಟ್ಟು ನೋಡಿದೆ. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಇರಲಿಲ್ಲ. ಆದರೂ ಅಂಕ ಹೆಚ್ಚೇ ಇದ್ದುದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ. ಚಿಕಿತ್ಸೆ ನಡೆದಿದೆ. ನಿದ್ದೆ ಸುಧಾರಿಸಿದೆ, ಆದರೆ ಮಗುವಿಗೆ ಶೀತವಾದ ವಾರ ಎಲ್ಲ ಹಳೆಯ ಹಾಗೇ ಆಗುತ್ತದೆ. ಕೆಲಸಕ್ಕೆ ಮರಳುವ ಮಾತು ಈಗ ಎದ್ದಿದೆ, ಮಗುವನ್ನು ಡೇ-ಕೇರ್‌ಗೆ ಯಾವಾಗ ಬಿಡಬಹುದು ಎಂಬ ಪ್ರಶ್ನೆಯೂ. ಅದನ್ನು ಮಕ್ಕಳ ತಜ್ಞರೇ ಹೇಳಬೇಕು. ಅವರಲ್ಲಿ ಏನೇನು ಕೇಳಬೇಕೆಂದು ಗಂಡ ಹೆಂಡತಿ ಇಬ್ಬರೂ ಕೂತು ಪಟ್ಟಿ ಮಾಡಿಕೊಂಡು ಹೋಗಿದ್ದಾರೆ.