ಸಂಗೀತ ಕಂಪನಿಯ ಬೆಂಬಲವಿಲ್ಲದೆ ಶುರುವಾದ ತಂಡದ ಬಗ್ಗೆ
ಶಿವಮೊಗ್ಗ ಜಿಲ್ಲೆಯ ಸಾಗರದಂತಹ ಊರಿನಲ್ಲಿದ್ದುಕೊಂಡು, ಸಂಗೀತ ಕಂಪನಿಯ ಬೆಂಬಲವಿಲ್ಲದೆ, ಎಲೆಕ್ಟ್ರಾನಿಕ್ ಡ್ಯಾನ್ಸ್-ಪಾಪ್ ತಂಡವೊಂದು ಮೇಲೆ ಬರಲು ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯವೆಂದೇ ನಾನು ನಂಬಿದ್ದೇನೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 2011ರಲ್ಲಿ ಹುಟ್ಟಿದ ಚರ್ಚಸ್ ಎಂಬ ಮೂವರ ತಂಡ, ನೆಲಮಾಳಿಗೆಯ ಸ್ಟುಡಿಯೊದಲ್ಲಿ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಮುಂದೆ ಕುಳಿತು ಕೆಲಸ ಮಾಡಿ, 2012ರಲ್ಲಿ ಒಂದೇ ಒಂದು ಹಾಡನ್ನು ಅಂತರ್ಜಾಲದಲ್ಲಿ ಉಚಿತವಾಗಿ ಬಿಟ್ಟಿತು; ಕೇಳಿದವರೇ ಅದನ್ನು ಹಂಚಿದರು. 2013ರ ಮೊದಲ ಆಲ್ಬಮ್ಮನ್ನೂ ಅವರು ಹೊರಗಿನ ನಿರ್ಮಾಪಕರಿಗೆ ಒಪ್ಪಿಸದೆ ತಾವೇ ನಿರ್ಮಿಸಿದರು, ಅದೇ ನನಗೆ ದೊಡ್ಡ ಸಂಗತಿ. ಹೀಗೆ ತಾವೇ ಧ್ವನಿಮುದ್ರಣ ಮಾಡಲು ನಮ್ಮ ಕಡೆ ಇರುವ ತೊಡಕು ಮಳೆ. ತೀರ್ಥಹಳ್ಳಿಯ ನಮ್ಮ ಮನೆಯ ಅಟ್ಟದಲ್ಲಿ, ಆಷಾಢದ ಮಳೆ ಹೆಂಚಿಗೆ ಬಡಿಯುವಾಗ ಮೈಕಿನಲ್ಲಿ ದನಿ ಹಿಡಿಯುವುದು ಆಗದ ಮಾತು. ಆದರೆ ಸಿಂಥಸೈಜರಿನ ವೈರನ್ನು ನೇರವಾಗಿ ಆಡಿಯೊ ಇಂಟರ್‌ಫೇಸಿಗೆ (ವಾದ್ಯದ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ) ಜೋಡಿಸಿದರೆ ಮಳೆಯ ಸದ್ದು ಒಳಗೆ ಬರುವುದೇ ಇಲ್ಲ. ಆದ್ದರಿಂದ ವಾದ್ಯದ ಕೆಲಸವನ್ನು ಮಳೆಗಾಲದಲ್ಲೇ ಮುಗಿಸಿ, ಹಾಡುವುದನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಿ.