ಅಂಗೈಗೆ ಹತ್ತಿದ ಹಳದಿ ಪುಡಿ

ಆತ್ಮೀಯರೇ,

ಸ್ಪೇನಿನ ಸಾಲಮಾಂಕಾ ನಗರದ ಬಗ್ಗೆ ನೀವು ಕಳುಹಿಸಿದ ‘ಹೊನ್ನಿನ ನಗರಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ. ಕಾರಣ, ಆರನೆಯ ಪುಟದ ಒಂದು ಸಾಲು: ಮಳೆ ನಿಂತ ಮೇಲೆ ಯಾವುದೋ ಗೋಡೆಗೆ ಕೈಯೂರಿ ನಿಂತಿರಿ, ಕೈ ತೆಗೆದಾಗ ಅಂಗೈಗೆ ಹಳದಿ ಪುಡಿ ಹತ್ತಿತ್ತು. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ಅದಕ್ಕೆ ಮುಂಚಿನ ಐದು ಪುಟಗಳಲ್ಲಿ ‘ಭವ್ಯ’, ‘ಮನಮೋಹಕ’, ‘ವರ್ಣನಾತೀತ’ ಎಂಬ ಪದಗಳನ್ನು ಎಣಿಸಿದೆ. ಹದಿನೇಳು ಸಲ ಬಂದಿವೆ. ಅಷ್ಟನ್ನೂ ತೆಗೆದುಹಾಕಿ.

ಆ ಪುಡಿಯ ಜಾಡು ಹಿಡಿದು ಹೋಗಿ. ಅದು ನಗರದ ಪಕ್ಕದ ವಿಯಾಮಯೋರ್ ಎಂಬ ಊರಿನ ಮರಳುಗಲ್ಲು. ನೆಲದಿಂದ ಹಸಿಯಾಗಿ ತೆಗೆದಾಗ ಉಳಿಗೆ ಮೆತ್ತಗೆ ಒಗ್ಗುತ್ತದೆ, ಒಣಗುತ್ತ ಗಟ್ಟಿಯಾಗುತ್ತದೆ. ಅದರೊಳಗಿನ ಕಬ್ಬಿಣದ ಅಂಶ ಗಾಳಿ ಸೋಕಿ ಹೊಂಬಣ್ಣಕ್ಕೆ ತಿರುಗುತ್ತದೆ. 1218ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ 16ನೇ ಶತಮಾನದ ಶಿಲ್ಪಿಗಳು ಅಂಥ ನವಿರು ಕೆತ್ತನೆಯ ಮುಂಗೋಡೆ ಕಟ್ಟಲು ಸಾಧ್ಯವಾದದ್ದು ಈ ಕಲ್ಲಿನಿಂದ. ಆ ಶೈಲಿಯನ್ನು ‘ಪ್ಲಾಟೆರೆಸ್ಕೊ’ ಎನ್ನುತ್ತಾರೆ. ‘ಪ್ಲಾಟೆರೊ’ ಎಂದರೆ ಬೆಳ್ಳಿ ಕೆಲಸದವನು; ಕೆತ್ತನೆ ಬೆಳ್ಳಿ ಕೆಲಸದಷ್ಟು ನವಿರು ಎಂದು ಆ ಹೆಸರು. ನೀವು ‘ನಮ್ಮ ಬೇಲೂರಿನಂತೆ’ ಎಂದು ಬರೆದು ಮುಂದೆ ನಡೆದುಬಿಟ್ಟಿದ್ದೀರಿ. ಆ ಹೋಲಿಕೆ ನಿಜ, ಆದರೆ ನಂಟು ಇರುವುದು ಕಲ್ಲಿನಲ್ಲಿ. ಹೊಯ್ಸಳರ ಬಳಪದ ಕಲ್ಲೂ ಅಗೆದಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿ. ಅದನ್ನು ಹೇಳಿದರೆ ಓದುಗನಿಗೆ ಎರಡೂ ಊರುಗಳು ಹೊಸದಾಗಿ ಕಾಣುತ್ತವೆ.

ಈಗ ತಪ್ಪುಗಳು. ನಗರದ ಹೊಸ ಕ್ಯಾಥೆಡ್ರಲ್‌ನ (ಪ್ರಧಾನ ಚರ್ಚಿನ) ಬಾಗಿಲಲ್ಲಿರುವ ಗಗನಯಾತ್ರಿಯ ಕೆತ್ತನೆಯನ್ನು ತೋರಿಸಿ, ‘ಐನೂರು ವರ್ಷದ ಹಿಂದೆಯೇ ಶಿಲ್ಪಿಗಳು ಅಂತರಿಕ್ಷಯಾನವನ್ನು ಕಂಡಿದ್ದರು’ ಎಂದಿದ್ದೀರಿ. ಅದು 1992ರ ಜೀರ್ಣೋದ್ಧಾರದ ಸಮಯದಲ್ಲಿ ಕೆತ್ತಿದ್ದು. ಸವೆದ ಭಾಗಕ್ಕೆ ಹೊಸ ಕಲ್ಲು ಕೂರಿಸಿದವರು ತಮ್ಮ ಕಾಲದ ಗುರುತಾಗಿ ಅದನ್ನು ಬಿಟ್ಟುಹೋದರು. ಕಲ್ಲು ಏಕೆ ಸವೆಯಿತು? ಒಣಗಿ ಗಟ್ಟಿಯಾದ ಮೇಲೂ ಈ ಕಲ್ಲು ನೀರು ಕುಡಿದು ಪದರ ಪದರವಾಗಿ ಉದುರುತ್ತದೆ. ನಿಮ್ಮ ಅಂಗೈಗೆ ಹತ್ತಿದ್ದು ಅದೇ. ಸಾಕ್ಷ್ಯ ನಿಮ್ಮ ಕೈಯಲ್ಲೇ ಇದ್ದಾಗ ಯಾರೋ ಹರಿಯಬಿಟ್ಟ ಸುದ್ದಿಯನ್ನು ನಂಬಿದಿರಲ್ಲ ಎಂದು ನನಗೆ ಬೇಸರವಾಯಿತು.

ಎರಡನೆಯದು ಇನ್ನೂ ನೋವಿನದು. ಗೋಡೆಗಳ ಮೇಲಿನ ಕೆಂಪು ಅಕ್ಷರಗಳನ್ನು ‘ಕಿಡಿಗೇಡಿಗಳ ಕೆಲಸ’ ಎಂದಿದ್ದೀರಿ. ಅವು ಡಾಕ್ಟರೇಟ್ ಪಡೆದವರ ಹೆಸರುಗಳು, ಜೊತೆಗೆ ‘ವೀಟೊರ್’ ಎಂಬ ವಿಜಯದ ಗುರುತು. ಹಿಂದೆ ಆ ಬಣ್ಣಕ್ಕೆ ಗೂಳಿಯ ರಕ್ತ ಬೆರೆಸುತ್ತಿದ್ದರು. ಓದಿ ಗೆದ್ದವನ ಹೆಸರನ್ನು ಊರಿನ ಗೋಡೆಯೇ ಹೊತ್ತುಕೊಳ್ಳುವ ಪದ್ಧತಿಗಿಂತ ದೊಡ್ಡ ವಿಷಯ ಒಂದು ವಿಶ್ವವಿದ್ಯಾಲಯದ ನಗರದಲ್ಲಿ ಇನ್ನೇನಿದೆ? ಯಾರನ್ನಾದರೂ ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು.

ವಿಶ್ವವಿದ್ಯಾಲಯದ ಮುಂಗೋಡೆಯಲ್ಲಿ ತಲೆಬುರುಡೆಯ ಮೇಲೆ ಕುಳಿತ ಕಪ್ಪೆಯನ್ನು ಹುಡುಕಿದ ಕಥೆಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಅದನ್ನು ಕಂಡವರು ಪರೀಕ್ಷೆ ಪಾಸಾಗುತ್ತಾರೆ ಎಂಬ ನಂಬಿಕೆ ಸೊಗಸಾಗಿದೆ, ಇರಲಿ. ಆದರೆ ಕಪ್ಪೆ ಕಾಣುವುದು ತಪ್ಪಲ್ಲ, ಕಪ್ಪೆಯನ್ನಷ್ಟೇ ಕಾಣುವುದು ತಪ್ಪು ಎಂಬರ್ಥದ ಮಾತೊಂದು ಆ ವಿಶ್ವವಿದ್ಯಾಲಯದ ರೆಕ್ಟರ್ (ಮುಖ್ಯಸ್ಥ) ಆಗಿದ್ದ ಸಾಹಿತಿ ಉನಾಮುನೊ ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ. ಅದೇ ಗೋಡೆಯ ನಡುವೆ ಕೆತ್ತಿರುವ ಸ್ಪೇನಿನ ರಾಣಿ ಇಸಾಬೆಲ್, ರಾಜ ಫೆರ್ನಾಂದೊ ನಿಮ್ಮ ಬರಹದಲ್ಲಿ ಇಲ್ಲವೇ ಇಲ್ಲ.

ಪ್ಲಾಸಾ ಮಯೋರ್ ಚೌಕದ ಎರಡು ಪುಟಗಳನ್ನು ನಾಲ್ಕು ಸಾಲಿಗೆ ಇಳಿಸಿ. ಕಟ್ಟಿದ ಕಾಲ 1729ರಿಂದ 1755, ಸುತ್ತ 88 ಕಮಾನು, ಎಲ್ಲ ಸರಿಯಾಗಿದೆ. ಆದರೆ ಅದರಲ್ಲಿ ನೀವಿಲ್ಲ. ಉಳಿಯುವ ಜಾಗವನ್ನು ಎರಡು ಕ್ಯಾಥೆಡ್ರಲ್‌ಗಳಿಗೆ ಕೊಡಿ. 1513ರಲ್ಲಿ ಆರಂಭವಾದ ಹೊಸದನ್ನು ಪ್ರತಿಷ್ಠೆ ಮಾಡಿದ್ದು 1733ರಲ್ಲಿ. ಪೂಜೆ ನಿಲ್ಲಬಾರದೆಂದು ಹಳೆಯದನ್ನು ಹಾಗೆಯೇ ಉಳಿಸಿಕೊಂಡರು. ಇಂದಿಗೂ ಎರಡೂ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ನೀವು ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಿದ್ದೀರಿ, ಆದರೆ ‘ಒಳಗೆ ತಂಪಾಗಿತ್ತು’ ಎಂದಷ್ಟೇ ಬರೆದಿದ್ದೀರಿ. ಬೆಳಕು ಹೇಗೆ ಬದಲಾಯಿತು? ತಲೆ ಎತ್ತಿದಾಗ ಚಾವಣಿ ಎಷ್ಟು ಹತ್ತಿರ ಬಂದಂತೆ ಅನಿಸಿತು?

ಎರಡು ಸಾವಿರ ಪದ ಮೀರದಂತೆ ತಿದ್ದಿ ಕಳುಹಿಸಿ, ನಾನೇ ಓದುತ್ತೇನೆ. ಮತ್ತೆ, ಮಳೆ ನಿಂತ ಮೇಲೆ ನೀವು ಕೈಯೂರಿದ ಆ ಗೋಡೆ ಯಾವ ಬೀದಿಯದು, ಯಾವ ಕಟ್ಟಡದ್ದು ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ